ಕಾಣದ್ದಕ್ಕೆ ಗುರುತು ಹಾಕಬೇಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಪಿ.ಯು.ಸಿ. ಅಥವಾ ಬಿ.ಕಾಂ. ಮುಗಿಸಿ ಚಾರ್ಟರ್ಡ್ ಅಕೌಂಟೆಂಟ್ ಆಗಬೇಕೆಂದು ಹೊರಟಿರುವ ಮಕ್ಕಳನ್ನೂ ಅವರ ಪಕ್ಕದಲ್ಲಿ ಕುಳಿತು ಕೇಳುತ್ತಿರುವ ತಂದೆತಾಯಿಯರನ್ನೂ ಮನಸ್ಸಿನಲ್ಲಿ ಇಟ್ಟುಕೊಂಡು ನಾನು ಈ ಹೊತ್ತು ಮಾತನಾಡುತ್ತಿದ್ದೇನೆ. ಈ ಪದವಿಯ ಪರೀಕ್ಷೆ ಎಷ್ಟು ಕಷ್ಟವೆಂಬುದನ್ನು ಎಲ್ಲರೂ ಹೇಳುತ್ತಾರೆ. ಪರೀಕ್ಷೆಗಳ ನಡುವೆ ಲೆಕ್ಕಪರಿಶೋಧಕರ ಕಚೇರಿಯೊಂದರಲ್ಲಿ ಕಳೆಯಬೇಕಾದ ತರಬೇತಿಯ ಕಾಲವೊಂದಿದೆ, ಅದರ ಬಗ್ಗೆ ಹೇಳುವವರು ಕಡಿಮೆ. ಆ ಕಾಲಕ್ಕೆ ಆರ್ಟಿಕಲ್‌ಶಿಪ್ ಎಂದು ಹೆಸರು. ನಮ್ಮ ವೃತ್ತಿಗೆ ತಳಹದಿಯಾಗಿರುವುದು 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆ; ಅಂದಿನಿಂದ ಇಂದಿನವರೆಗೆ ಪಠ್ಯ ಹಲವು ಸಲ ಬದಲಾಗಿದೆ, ಆದರೆ ಹಿರಿಯರೊಬ್ಬರ ಕೈಕೆಳಗೆ ಕುಳಿತು ಕೆಲಸ ಕಲಿಯದೆ ಯಾರೂ ಈ ಪದವಿಯನ್ನು ಪಡೆಯುವಂತಿಲ್ಲ. ನನ್ನ ಕಾಲದಲ್ಲಿ ಈ ತರಬೇತಿ 3 ವರ್ಷದ್ದಾಗಿತ್ತು. 2023ರ ಜುಲೈ ತಿಂಗಳಿನಿಂದ ಜಾರಿಯಾದ ಹೊಸ ಕ್ರಮದಲ್ಲಿ ಅದು 2 ವರ್ಷಕ್ಕೆ ಇಳಿದಿದೆ. ಎಂದರೆ ನಿಮ್ಮ ಪಾಲಿಗೆ ಬರುವುದು ಎರಡು ಮಾರ್ಚ್ 31, ದಾಸ್ತಾನು ಎಣಿಸುವುದಕ್ಕೆ; ಎರಡು ಏಪ್ರಿಲ್, ಬ್ಯಾಂಕ್ ಶಾಖೆಗಳ ಲೆಕ್ಕ ನೋಡುವುದಕ್ಕೆ; ಎರಡು ಸೆಪ್ಟೆಂಬರ್, ಆದಾಯ ತೆರಿಗೆಯ ಲೆಕ್ಕಪರಿಶೋಧನೆಯನ್ನು ಮುಗಿಸುವುದಕ್ಕೆ. ಅಷ್ಟೇ ಅವಕಾಶ.

ಈ ಅವಧಿಯಲ್ಲಿ ಕಲಿಯಬೇಕಾದದ್ದು ಏನು ಎಂದು ನನ್ನನ್ನು ಕೇಳಿದರೆ ನಾನು ಒಂದೇ ಮಾತು ಹೇಳುತ್ತೇನೆ. ಕಣ್ಣಾರೆ ಕಾಣದ್ದಕ್ಕೆ ಗುರುತು ಹಾಕಬೇಡಿ. ವೋಚರನ್ನು, ಎಂದರೆ ಲೆಕ್ಕದ ಒಂದು ನಮೂದಿಗೆ ಆಧಾರವಾದ ಕಾಗದವನ್ನು, ನೋಡಿದರೆ ಆ ಅಂಕಿಯ ಪಕ್ಕದಲ್ಲಿ ಸರಿಯೆಂಬ ಗುರುತು ಹಾಕಿ, ನೋಡದಿದ್ದರೆ ಜಾಗ ಖಾಲಿ ಬಿಡಿ. ಇದು ಬಹಳ ಸಣ್ಣ ಮಾತಿನಂತೆ ಕೇಳಿಸುತ್ತದೆ. ನನ್ನ ಕಚೇರಿಗೆ ಬಂದ ವಿದ್ಯಾರ್ಥಿಗಳಿಗೆ ಮೊದಲ ದಿನ ಇದನ್ನು ಹೇಳಿದಾಗ ಅವರೆಲ್ಲರೂ ತಲೆಯಾಡಿಸುತ್ತಾರೆ, ಮೂರನೆಯ ವಾರಕ್ಕೆ ಮರೆಯುತ್ತಾರೆ. ನಾನೂ ಮರೆತಿದ್ದೆ. ಅದು ನನಗೆ ಹೇಗೆ ಮತ್ತೆ ನೆನಪಿಗೆ ಬಂತೆಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

1990ರ ದಶಕದ ಮಾತು. ನಾನು ಬೆಂಗಳೂರಿನ ಒಂದು ಕಚೇರಿಯಲ್ಲಿ ಆರ್ಟಿಕಲ್ ವಿದ್ಯಾರ್ಥಿಯಾಗಿ ಸೇರಿ ಏಳೆಂಟು ತಿಂಗಳಾಗಿತ್ತು. ಮಾರ್ಚ್ 31ರಂದು ಶಿವಮೊಗ್ಗದ ಒಂದು ಅಡಿಕೆ ಮಂಡಿಯ ದಾಸ್ತಾನನ್ನು ಎಣಿಸಿ ಬರಲು ನನ್ನ ಗುರುಗಳು ನನ್ನನ್ನು ಒಬ್ಬನನ್ನೇ ಕಳುಹಿಸಿದರು. ಒಬ್ಬನನ್ನೇ ಕಳುಹಿಸಿದರೆಂಬುದು ಇಪ್ಪತ್ತರ ವಯಸ್ಸಿನ ನನಗೆ ದೊಡ್ಡ ಗೌರವವಾಗಿ ಕಂಡಿತ್ತು. ರಾತ್ರಿ ಬಸ್ಸಿನಲ್ಲಿ ಹೊರಟು ಬೆಳಿಗ್ಗೆ ಮಂಡಿಗೆ ಹೋದೆ. ಗೋದಾಮಿನ ಬಾಗಿಲು ತೆರೆದೊಡನೆ ಬೇಯಿಸಿ ಒಣಗಿಸಿದ ಅಡಿಕೆಯ ಒಗರು ವಾಸನೆ ಮುಖಕ್ಕೆ ಬಡಿಯಿತು. ಒಳಗೆ ಚೀಲಗಳ ಅಟ್ಟಿ ಸೂರಿನ ಹತ್ತಿರದವರೆಗೆ ಎದ್ದಿತ್ತು. ಮಂಡಿಯ ಗುಮಾಸ್ತರು ಬಹಳ ಸಜ್ಜನರು. ಕಾಫಿ ತರಿಸಿದರು, ಪಟ್ಟಿಯನ್ನು ಕೈಗಿತ್ತರು. ಪಟ್ಟಿಯಲ್ಲಿ ರಾಶಿ ಅಡಿಕೆಯ ಚೀಲಗಳು ಒಟ್ಟು 432 ಎಂದಿತ್ತು. ಅಟ್ಟಿಯ ಮುಂಭಾಗದಲ್ಲಿ ಅಗಲಕ್ಕೆ 8 ಚೀಲ, ಎತ್ತರಕ್ಕೆ 9 ಚೀಲ ಇದ್ದವು. ಹಿಂದಕ್ಕೆ ಎಷ್ಟು ಸಾಲು ಇವೆ ಎಂದು ಕೇಳಿದೆ. ಆರು ಎಂದರು. ಎಂಟು ಒಂಬತ್ತಲೆ ಎಪ್ಪತ್ತೆರಡು, ಅದರ ಆರು ಪಟ್ಟು 432. ಲೆಕ್ಕ ಚೀಲ ಚೀಲಕ್ಕೂ ಸರಿ ಹೋಯಿತು. ಹಸಿರು ಪೆನ್ಸಿಲಿನಿಂದ ಗುರುತು ಹಾಕಿ, ಸಹಿ ಮಾಡಿ, ಸಂಜೆಯ ಬಸ್ಸು ಹಿಡಿದೆ.

ಮರುದಿನ ಗುರುಗಳು ಪಟ್ಟಿಯನ್ನು ನೋಡಿ, ಅಟ್ಟಿಯ ಚಿತ್ರ ಬರೆಯಲು ಹೇಳಿದರು. ಬರೆದೆ. ಅಗಲ ಯಾರು ಎಣಿಸಿದರು ಎಂದರು. ನಾನು ಎಂದೆ. ಎತ್ತರ ಎಂದರು. ನಾನು ಎಂದೆ. ಹಿಂದಿನ ಆರು ಸಾಲು ಎಂದರು. ಗುಮಾಸ್ತರು ಹೇಳಿದರು ಎಂದೆ. ಅವರು ಗದರಲಿಲ್ಲ. "ಹಾಗಾದರೆ ಈ ಗುರುತು ಗುಮಾಸ್ತರದ್ದು, ನಿನ್ನದಲ್ಲ. ನಿನ್ನ ಗುರುತು ಬೇಕು, ಹೋಗಿ ತಾ" ಎಂದು ಬಸ್ಸಿನ ಖರ್ಚಿಗೆ ದುಡ್ಡು ಕೊಟ್ಟರು. ಆ ರಾತ್ರಿ ಮತ್ತೆ ಅದೇ ದಾರಿ ಹಿಡಿದೆ.

ಏಪ್ರಿಲ್ 2ರ ಬೆಳಿಗ್ಗೆ ಮಂಡಿಯಲ್ಲಿ ಹಿರಿಯ ಹಮಾಲರೊಬ್ಬರು ಏಣಿ ತಂದು ಇಟ್ಟರು. ಅಟ್ಟಿಯ ಮೇಲೆ ಹತ್ತಿ ಸಾಲುಗಳನ್ನು ಎಣಿಸಿದೆ. ಎರಡು ದಿನದಲ್ಲಿ 15 ಚೀಲ ಹೊರಗೆ ಹೋಗಿದ್ದವು. ಹೊರಹೋದ ಚೀಲಗಳನ್ನು ಬರೆಯುವ ಪುಸ್ತಕವನ್ನು ನೋಡಿ ಅವನ್ನು ಹಿಂದಕ್ಕೆ ಕೂಡಿಸಿದೆ. ಆರು ಸಾಲು ನಿಜ, 432 ನಿಜ. ಗುಮಾಸ್ತರು ಸುಳ್ಳು ಹೇಳಿರಲಿಲ್ಲ. ನಾನು ಸಮಾಧಾನದಿಂದ ಇಳಿಯುವುದರಲ್ಲಿದ್ದೆ. ಆಗ ಆ ಹಮಾಲರು ಕೆಳಗಿನಿಂದ, "ಹಿಂದಿನ ಎರಡು ಸಾಲಿನ ಚೀಟಿ ನೋಡಿದ್ರಾ ಸ್ವಾಮಿ? ಅವು ಬೆಳೆಗಾರರ ಮಾಲು" ಎಂದರು. ಬಗ್ಗಿ ನೋಡಿದೆ. ಹಿಂದಿನ ಎರಡು ಸಾಲಿನ ಪ್ರತಿ ಚೀಲದ ಬಾಯಿಗೂ ಒಂದು ಚೀಟಿ ಕಟ್ಟಿತ್ತು, ಚೀಟಿಯಲ್ಲಿ ಬೆಳೆಗಾರನ ಹೆಸರು, ಊರು ಮತ್ತು ಲಾಟಿನ ಸಂಖ್ಯೆ ಇದ್ದವು. ಬೆಳೆಗಾರರು ಮಾರಾಟಕ್ಕೆಂದು ತಂದು ಇಳಿಸಿ, ಒಳ್ಳೆಯ ಧಾರಣೆ ಬರಲೆಂದು ಕಾಯುತ್ತಿದ್ದ ಅಡಿಕೆ ಅದು. ಮಂಡಿಗೆ ಅದರಲ್ಲಿ ಸಲ್ಲುವುದು ಮಾರಾಟವಾದ ಮೇಲಿನ ಕಮಿಷನ್ ಮಾತ್ರ. ಹಾಗಾಗಿ 432 ಚೀಲಗಳಲ್ಲಿ 144 ಮಂಡಿಯ ಸ್ವತ್ತೇ ಆಗಿರಲಿಲ್ಲ. ಗೋದಾಮಿನಲ್ಲಿ ಇದ್ದದ್ದನ್ನೆಲ್ಲ ಗುಮಾಸ್ತರು ಒಂದೇ ಪಟ್ಟಿಗೆ ಇಳಿಸಿದ್ದರು. ಅದರ ಹಿಂದೆ ಯಾವ ಕೆಟ್ಟ ಉದ್ದೇಶವೂ ಇರಲಿಲ್ಲ.

ಇದರಿಂದ ಆಗುತ್ತಿದ್ದದ್ದೇನು ಎಂದು ಗೃಹಿಣಿಯರಿಗೂ ತಿಳಿಯುವಂತೆ ಹೇಳುತ್ತೇನೆ. ವರ್ಷದ ಕೊನೆಯಲ್ಲಿ ಉಳಿದ ದಾಸ್ತಾನು ಹೆಚ್ಚಾದಷ್ಟೂ ಲಾಭ ಹೆಚ್ಚಾಗಿ ಕಾಣುತ್ತದೆ. ತನ್ನದಲ್ಲದ 144 ಚೀಲಗಳ ಬೆಲೆ ಲಾಭವೆಂದು ಕಂಡಿದ್ದರೆ, ಮಂಡಿಯ ಸಾಹುಕಾರರು ಗಳಿಸದ ಹಣಕ್ಕೆ ತೆರಿಗೆ ಕಟ್ಟುತ್ತಿದ್ದರು. ಬ್ಯಾಂಕಿನವರು ಆ ದಾಸ್ತಾನನ್ನು ನಂಬಿ ಸಾಲ ಕೊಡುತ್ತಿದ್ದರು. ಮಂಡಿಗೆ ಏನಾದರೂ ತೊಂದರೆಯಾಗಿದ್ದರೆ, ತೀರ್ಥಹಳ್ಳಿಯ ಕಡೆಯ ಯಾವನೋ ಸಣ್ಣ ಬೆಳೆಗಾರ ತನ್ನ ವರ್ಷದ ಫಸಲಿಗಾಗಿ ಬ್ಯಾಂಕಿನ ಬಾಗಿಲಲ್ಲಿ ನಿಲ್ಲಬೇಕಾಗುತ್ತಿತ್ತು. ಇಷ್ಟೂ ನನ್ನ ಒಂದು ಹಸಿರು ಗುರುತಿನಿಂದ. ಮೊದಲ ಸಲವೇ ಅಟ್ಟಿಯ ಮೇಲೆ ಹತ್ತಿದ್ದರೆ ಚೀಟಿಗಳು ನನ್ನ ಕಣ್ಣಿಗೇ ಬೀಳುತ್ತಿದ್ದವು. ಆ ಹಮಾಲರ ಹೆಸರನ್ನು ಕೇಳಿ ಬರೆದುಕೊಳ್ಳದೆ ಬಂದದ್ದು ನನಗೆ ಇಂದಿಗೂ ನೋವಿನ ಸಂಗತಿ, ಏಕೆಂದರೆ ಲೆಕ್ಕಪರಿಶೋಧನೆಯಲ್ಲಿ ನನ್ನ ಎರಡನೆಯ ಗುರುಗಳು ಅವರು.

ಈ ಪ್ರಸಂಗಕ್ಕೆ ಹೆಚ್ಚು ಸಮಯ ತೆಗೆದುಕೊಂಡೆ. ಆದರೆ ಉಳಿದದ್ದೆಲ್ಲವೂ ಇದರಲ್ಲೇ ಇದೆಯೆಂದು ನಾನು ಭಾವಿಸುತ್ತೇನೆ. ಇದು ಹಳೆಯ ಕಾಲದ ಮಾತು, ಈಗ ಎಲ್ಲವೂ ಕಂಪ್ಯೂಟರಿನಲ್ಲಿದೆ ಎಂದು ವಿದ್ಯಾರ್ಥಿಗಳು ನನಗೆ ಹೇಳುತ್ತಾರೆ. ದಯವಿಟ್ಟು ಹಾಗೆ ಹೇಳಬೇಡಿ. ಕಂಪ್ಯೂಟರ್ ಬಂದ ಮೇಲೆ ಕಾಣದ್ದಕ್ಕೆ ಗುರುತು ಹಾಕುವುದು ಇನ್ನೂ ಸುಲಭವಾಗಿದೆ. ಕಳೆದ ವರ್ಷದ ಕಡತವನ್ನು ನಕಲು ಮಾಡಿ, ವರ್ಷವನ್ನು ಮಾತ್ರ ತಿದ್ದಿ, ಎಕ್ಸೆಲ್ ಹಾಳೆಯ ಒಂದು ಸಾಲಿನಲ್ಲಿ "ಪರಿಶೀಲಿಸಲಾಗಿದೆ" ಎಂದು ಬರೆದು ಅದನ್ನು ಕೆಳಗಿನ ಇನ್ನೂರು ಸಾಲುಗಳಿಗೂ ಎಳೆಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇನ್ನೂರು ವೋಚರುಗಳನ್ನು ಅರ್ಧ ನಿಮಿಷದಲ್ಲಿ ಯಾರೂ ನೋಡಲಾರರು. ನಲವತ್ತನ್ನೇ ನೋಡಿದ್ದರೆ ನಲವತ್ತೆಂದು ಬರೆಯಿರಿ. ನಿಮ್ಮ ಹಿರಿಯರು ಅದಕ್ಕಾಗಿ ನಿಮ್ಮನ್ನು ಎಂದೂ ಕೀಳಾಗಿ ಕಾಣುವುದಿಲ್ಲ.

ಹೈದರಾಬಾದಿನ ಸತ್ಯಂ ಕಂಪನಿಯ ವಿಷಯವನ್ನು ನಿಮ್ಮಲ್ಲಿ ಹಲವರು ಪಠ್ಯದಲ್ಲಿ ಓದಿರುತ್ತೀರಿ. 2009ರ ಜನವರಿ 7ರಂದು ಅದರ ಅಧ್ಯಕ್ಷರು ತಾವೇ ಪತ್ರ ಬರೆದು ಒಪ್ಪಿಕೊಂಡ ಪ್ರಕಾರ, 2008ರ ಸೆಪ್ಟೆಂಬರ್ 30ರ ಲೆಕ್ಕದಲ್ಲಿ ತೋರಿಸಿದ್ದ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇರಲೇ ಇಲ್ಲ. ಅಷ್ಟು ದೊಡ್ಡ ಕಂಪನಿಗೂ ಲೆಕ್ಕಪರಿಶೋಧನೆ ನಡೆದಿತ್ತು, ಆ ಅಂಕಿಯ ಪಕ್ಕದಲ್ಲಿಯೂ ಯಾರದೋ ಗುರುತು ಇದ್ದಿರಲೇಬೇಕು. ಅದಕ್ಕಾಗಿಯೇ ನಾನು ಹೇಳುವುದು: ಬ್ಯಾಂಕ್ ಶಿಲ್ಕಿನ ಖಾತರಿ ಪತ್ರವನ್ನು ಕಂಪನಿಯವರ ಕೈಯಿಂದ ಪಡೆಯಬೇಡಿ. ಅದು ಬ್ಯಾಂಕಿನಿಂದ ನೇರವಾಗಿ ನಿಮ್ಮ ಕಚೇರಿಗೆ ಬರಬೇಕು. ಲಕೋಟೆಯಲ್ಲಿ ಬಂದರೆ ಲಕೋಟೆಯನ್ನೂ ಕಡತದಲ್ಲಿ ಇಡಿ, ಇ-ಮೇಲ್‌ನಲ್ಲಿ ಬಂದರೆ ಅದು ಯಾವ ವಿಳಾಸದಿಂದ ಬಂದಿದೆಯೆಂದು ನೋಡಿ. ಅಡಿಕೆ ಚೀಲದ ಚೀಟಿಗೂ ಇದಕ್ಕೂ ವ್ಯತ್ಯಾಸವಿಲ್ಲ. ಎರಡೂ ಕಡೆ ನೀವು ಅಟ್ಟಿಯ ಮೇಲೆ ಹತ್ತಬೇಕು.

ಉಳಿದಿರುವ ಎರಡು ಮೂರು ನಿಮಿಷದಲ್ಲಿ ತಂದೆತಾಯಿಯರಿಗೆ ಒಂದೆರಡು ಮಾತು. ತಿಂಗಳಿಗೆ ಎಷ್ಟು ಕೊಡುತ್ತಾರೆ ಎಂಬುದು ನೀವು ಎಲ್ಲಕ್ಕಿಂತ ಮೊದಲು ಕೇಳುವ ಪ್ರಶ್ನೆ. ವಿದ್ಯಾರ್ಥಿ ವೇತನ ದೊರೆಯುತ್ತದೆ, ಅದರ ಕನಿಷ್ಠ ಮೊತ್ತವನ್ನು ನಮ್ಮ ವೃತ್ತಿಯನ್ನು ನಿಯಂತ್ರಿಸುವ ಭಾರತೀಯ ಚಾರ್ಟರ್ಡ್ ಅಕೌಂಟೆಂಟ್ಸ್ ಸಂಸ್ಥೆಯೇ ಗೊತ್ತುಪಡಿಸಿದೆ, ಬೆಂಗಳೂರಿನಂಥ ಊರಿನ ಬಾಡಿಗೆಗೆ ಅದು ಸಾಲುವುದಿಲ್ಲ. ಆದ್ದರಿಂದ ಮಗ ಅಥವಾ ಮಗಳು ಬೆಂಗಳೂರಿಗೇ ಬರಬೇಕೆಂಬ ಹಟ ಬೇಡ. ದೊಡ್ಡ ಕಚೇರಿಯಲ್ಲಿ ದೊಡ್ಡ ಕಂಪನಿಯೊಂದರ ಒಂದು ಮೂಲೆಯನ್ನು ಆರು ತಿಂಗಳು ನೋಡುತ್ತಾ ಕೂರುವ ಸಂದರ್ಭ ಬರಬಹುದು. ಮಂಗಳೂರು, ಉಡುಪಿ, ಹುಬ್ಬಳ್ಳಿ, ದಾವಣಗೆರೆಗಳ ಸಣ್ಣ ಕಚೇರಿಯಲ್ಲಿ ಅದೇ ವಿದ್ಯಾರ್ಥಿ ಜಿ.ಎಸ್.ಟಿ. ರಿಟರ್ನಿನಿಂದ ಹಿಡಿದು ಸಹಕಾರ ಸಂಘದ ನಗದು ಪುಸ್ತಕದವರೆಗೆ ಎಲ್ಲವನ್ನೂ ಕೈಯಾರೆ ಮುಟ್ಟುತ್ತಾನೆ. ನನ್ನ ಒಲವು ಸಣ್ಣ ಕಚೇರಿಯ ಕಡೆಗೇ ಇದೆ.

ಇನ್ನೊಂದು ವಿಷಯವನ್ನು ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ಓದುವುದಕ್ಕೆ ಸಮಯ ಸಿಗಲೆಂದು, ಕಚೇರಿಗೆ ಹೋಗದೆ ಕಾಗದದ ಮೇಲೆ ಮಾತ್ರ ಆರ್ಟಿಕಲ್‌ಶಿಪ್ ತೋರಿಸುವ ದಾರಿಯನ್ನು ಹುಡುಕಿಕೊಂಡು ಕೆಲವರು ನನ್ನ ಬಳಿಗೂ ಬಂದಿದ್ದಾರೆ, ಕೆಲವೊಮ್ಮೆ ತಂದೆಯವರೇ ಜೊತೆಗೆ ಬಂದಿದ್ದಾರೆ. ಅಂಥವರನ್ನು ನಾನು ಕೂರಿಸಿ, ನೀರು ಕೊಟ್ಟು, ಹಿಂದಕ್ಕೆ ಕಳುಹಿಸಿದ್ದೇನೆ. ಎರಡು ವರ್ಷ ಕಚೇರಿಗೇ ಬಾರದೆ ಬಂದೆನೆಂದು ಸಹಿ ಮಾಡುವುದೆಂದರೆ, ಕಾಣದ್ದಕ್ಕೆ ಗುರುತು ಹಾಕುವುದನ್ನು ವೃತ್ತಿಯ ಬಾಗಿಲಲ್ಲಿಯೇ ಅಭ್ಯಾಸ ಮಾಡಿದಂತೆ. ಅಂಥವರ ಕೈಗೆ ನಾಳೆ ಯಾರ ಲೆಕ್ಕವನ್ನು ಒಪ್ಪಿಸುವುದು?

ಕಚೇರಿಗೆ ಹೋಗುವಾಗ ಒಂದು ಟಿಪ್ಪಣಿ ಪುಸ್ತಕ ಕೈಯಲ್ಲಿರಲಿ. ಆ ದಿನ ಯಾವ ಕಾಗದವನ್ನು ನೋಡಿದಿರಿ, ಯಾರನ್ನು ಏನು ಕೇಳಿದಿರಿ, ಏನನ್ನು ನೋಡಲಾಗಲಿಲ್ಲ ಎಂದು ಸಂಜೆ ಬರೆಯಿರಿ. ಗ್ರಾಹಕರ ಲೆಕ್ಕದ ಒಂದು ಅಂಕಿಯನ್ನೂ ಹಾಸ್ಟೆಲಿನಲ್ಲಿ ಆಡಬೇಡಿ, ಮನೆಯಲ್ಲಿಯೂ ಆಡಬೇಡಿ. ಮತ್ತು ತರಬೇತಿಗೆ ಸೇರಿದ ದಿನದಿಂದ 30 ದಿನದೊಳಗೆ ನಿಮ್ಮ ನೋಂದಣಿಯ ಅರ್ಜಿ ಸಂಸ್ಥೆಗೆ ತಲುಪಬೇಕು. ಕಚೇರಿಯವರು ಕಳುಹಿಸಿದ್ದೇವೆ ಎಂದರೆ ಅಲ್ಲಿಗೆ ಬಿಡಬೇಡಿ. ಸ್ವೀಕೃತಿಯನ್ನು ಕೇಳಿ ಪಡೆದು, ಅದರಲ್ಲಿರುವ ದಿನಾಂಕವನ್ನು ನೀವೇ ಓದಿ ನೋಡಿ. ನಮಸ್ಕಾರ.