ಕೇಳುವ ಮೊದಲೇ ಹೇಳಿ

ಕೇಳುಗರಿಗೆ ನಮಸ್ಕಾರ. ಮನೆ, ನಿವೇಶನಗಳ ವ್ಯವಹಾರದಲ್ಲಿ ಮಧ್ಯವರ್ತಿಯಾಗಿ ಬದುಕು ಕಟ್ಟಿಕೊಳ್ಳಲು ಹೊರಟಿರುವ ಯುವಕ ಯುವತಿಯರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾತುಗಳನ್ನು ಆಡುತ್ತಿದ್ದೇನೆ. ಈ ಕೆಲಸಕ್ಕೆ ಬಂಡವಾಳ ಬೇಡ, ನಾಲ್ಕು ಜನರ ಪರಿಚಯವೂ ಕೈಯಲ್ಲೊಂದು ಫೋನೂ ಇದ್ದರೆ ಸಾಕು ಎಂದು ನಿಮಗೆ ಯಾರಾದರೂ ಹೇಳಿರುತ್ತಾರೆ. ಬಂಡವಾಳ ಬೇಕು. ಆಸ್ತಿಯ ಬಗ್ಗೆ ನಿಮಗೆ ಗೊತ್ತಿರುವುದನ್ನು ಗಿರಾಕಿ ಕೇಳುವ ಮೊದಲೇ ಹೇಳಿಬಿಡುವ ಅಭ್ಯಾಸವೇ ಆ ಬಂಡವಾಳ. ಇವತ್ತು ನಾನು ಹೇಳಬೇಕೆಂದಿರುವುದು ಇದೊಂದನ್ನೇ.

ಸಾಮಾನ್ಯ ಕುಟುಂಬವೊಂದು ಮನೆ ಕೊಳ್ಳುವುದು ಬದುಕಿನಲ್ಲಿ ಒಂದೋ ಎರಡೋ ಸಲ. ಮಧ್ಯವರ್ತಿಗೆ ಅದು ದಿನನಿತ್ಯದ ಕೆಲಸ. ಈ ಅಂತರದಲ್ಲಿಯೇ ಎಲ್ಲ ಆಮಿಷವೂ ಇದೆ. ಅಮೆರಿಕದ ಅರ್ಥಶಾಸ್ತ್ರಜ್ಞರಾದ ಸ್ಟೀವನ್ ಲೆವಿಟ್ ಮತ್ತು ಚಾಡ್ ಸೈವರ್ಸನ್ ಅವರು ಶಿಕಾಗೋ ಪ್ರದೇಶದ ಸುಮಾರು 1 ಲಕ್ಷ ಮನೆಗಳ ಮಾರಾಟವನ್ನು ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಧ್ಯವರ್ತಿಗಳು ತಮ್ಮ ಸ್ವಂತ ಮನೆಯನ್ನು ಮಾರುವಾಗ ಸರಾಸರಿ ಒಂಬತ್ತೂವರೆ ದಿನ ಹೆಚ್ಚು ಕಾದು, ಶೇಕಡಾ 3.7ರಷ್ಟು ಹೆಚ್ಚು ಬೆಲೆ ಪಡೆದಿದ್ದಾರೆಂದು ಕಂಡುಬಂತು. ಕಾರಣ ಸರಳ. ನಿಮ್ಮ ಕಮಿಷನ್ ಶೇಕಡಾ 2 ಎಂದಿಟ್ಟುಕೊಳ್ಳಿ. ಬೆಲೆ ನೂರು ರೂಪಾಯಿ ಏರಿದರೆ ಮಾರುವವರಿಗೆ 98, ನಿಮಗೆ ಎರಡು. ಆ ಎರಡು ರೂಪಾಯಿಗಾಗಿ ಇನ್ನೂ ಹತ್ತು ದಿನ ಓಡಾಡುವುದು ಬೇಡವೆನಿಸಿ, 'ಬಂದ ಬೆಲೆಗೆ ಕೊಟ್ಟುಬಿಡಿ' ಎಂದು ಸಲಹೆ ಕೊಡುತ್ತೇವೆ. ನಿಮ್ಮದೇ ಮನೆಯಾಗಿದ್ದರೆ ಕಾಯುತ್ತಿದ್ದಿರಿ ಎಂದಾದರೆ, ಕಾಯುವುದು ಒಳ್ಳೆಯದೆಂದು ಅವರಿಗೂ ಹೇಳಿ. ಅವರು ಕೇಳುವ ಮೊದಲೇ ಹೇಳಿ.

ಇದನ್ನು ನಾನು ಅಧ್ಯಯನ ಓದಿ ಕಲಿತವನಲ್ಲ. ವೃತ್ತಿಗೆ ಬಂದ ಮೂರನೆಯ ವರ್ಷ, ನಿವೃತ್ತಿಯ ಹಣದಲ್ಲಿ ಮನೆ ಕೊಳ್ಳಲು ಹೊರಟಿದ್ದ ಒಬ್ಬ ತಾಯಿಯವರಿಗೆ ಒಂದು ಮನೆ ತೋರಿಸುವುದಿತ್ತು. ಹಿಂದಿನ ದಿನ ನಾನೊಬ್ಬನೇ ಹೋಗಿ ನೋಡಿದಾಗ, ಮಲಗುವ ಕೋಣೆಯ ಒಂದೇ ಗೋಡೆಗೆ ಹೊಸ ಬಣ್ಣ ಬಳಿದಿತ್ತು. ಬೆರಳ ಗೆಣ್ಣಿನಿಂದ ತಟ್ಟಿದರೆ ನೆಲದಿಂದ ಮೊಣಕಾಲೆತ್ತರದವರೆಗೆ ಗಾರೆ ಪೊಳ್ಳು ಪೊಳ್ಳಾಗಿ ಸದ್ದು ಮಾಡುತ್ತಿತ್ತು. ಗೋಡೆಯ ಆಚೆ ಬದಿಗೆ ಬಚ್ಚಲುಮನೆ. ಮನೆಯ ಯಜಮಾನರನ್ನು ಕೇಳಿದೆ. 'ಪೈಪು ಹಳೆಯದು, ಸ್ವಲ್ಪ ಒಸರುತ್ತದೆ, ಅದನ್ನೆಲ್ಲ ನೀವು ಎತ್ತಬೇಡಿ' ಎಂದರು. ಮರುದಿನ ಬಾಗಿಲಲ್ಲಿಯೇ ಹೇಳಿಬಿಡಬೇಕೆಂದು ನಿಶ್ಚಯಿಸಿಕೊಂಡು ಹೋದೆ, ಹೇಳಲಿಲ್ಲ. ಆ ತಾಯಿ ಅಡುಗೆಮನೆಯ ಕಿಟಕಿಯಿಂದ ಬೀಳುತ್ತಿದ್ದ ಬೆಳಕನ್ನು ಕಂಡು ಸಂತೋಷಪಟ್ಟರು, ಆಗಲೂ ಹೇಳಲಿಲ್ಲ. ಒಂದೊಂದು ಕೋಣೆ ದಾಟಿದಂತೆಯೂ ಮಾತು ಗಂಟಲಿನಲ್ಲಿ ಇನ್ನಷ್ಟು ಬಿಗಿಯುತ್ತಿತ್ತು. ಕೊನೆಗೆ ಮಲಗುವ ಕೋಣೆಗೆ ಬಂದು ಅವರು ಆ ಗೋಡೆಯ ಮೇಲೆ ಅಂಗೈಯಿಟ್ಟು ನಿಂತಾಗ, 'ಅಮ್ಮ, ಈ ಗೋಡೆಯೊಳಗೆ ನೀರು ಒಸರುತ್ತಿದೆ, ಬಚ್ಚಲಿನ ಪೈಪು ಕೆಟ್ಟಿದೆ' ಎಂದುಬಿಟ್ಟೆ. ಯಜಮಾನರ ಮುಖ ಕೆಂಪೇರಿತು. ಆಕೆ ನನ್ನನ್ನು ಒಂದು ಗಳಿಗೆ ನೋಡಿ, 'ಸರಿ ಮಾಡಿಸುವುದಕ್ಕೆ ಎಷ್ಟಾಗುತ್ತದೆ?' ಎಂದು ಕೇಳಿದರು, ಅಷ್ಟೇ.

ಆ ಒಂದು ಪ್ರಶ್ನೆ ನನಗೆ ಈ ವೃತ್ತಿಯನ್ನು ಕಲಿಸಿತು. ಬಚ್ಚಿಟ್ಟ ದೋಷ ಭಯ ಹುಟ್ಟಿಸುತ್ತದೆ. ಹೇಳಿದ ದೋಷ ಒಂದು ಲೆಕ್ಕವಾಗುತ್ತದೆ, ಅದನ್ನು ಬೆಲೆಯಲ್ಲಿ ಕಳೆದುಕೊಳ್ಳಬಹುದು. ಪ್ಲಂಬರ್ ಒಬ್ಬರನ್ನು ಕರೆಸಿ ಖರ್ಚಿನ ಅಂದಾಜು ಬರೆಸಿದೆವು, ಅಷ್ಟನ್ನು ಬೆಲೆಯಲ್ಲಿ ಇಳಿಸಿ ವ್ಯವಹಾರ ಮುಗಿಯಿತು. ಯಜಮಾನರು ನನ್ನ ಕಮಿಷನ್ ಕೊಟ್ಟರು, ಆದರೆ ಮತ್ತೆಂದೂ ನನ್ನೊಡನೆ ಮಾತನಾಡಲಿಲ್ಲ. ಆ ತಾಯಿಯವರಾದರೋ ಮುಂದಿನ ವರ್ಷಗಳಲ್ಲಿ ತಮ್ಮ ತಂಗಿಯನ್ನು, ಮಗನ ಸಹೋದ್ಯೋಗಿಗಳನ್ನು, ಕೊನೆಗೆ ತಮ್ಮ ವೈದ್ಯರನ್ನೂ ನನ್ನ ಬಳಿಗೆ ಕಳುಹಿಸಿದರು. ನಾನು ಜಾಹೀರಾತಿಗೆ ಹಣ ಸುರಿಯುವುದನ್ನು ನಿಲ್ಲಿಸಿದ್ದು ಆಮೇಲೆಯೇ. ಹೀಗಿದ್ದೂ ನಮ್ಮ ವೃತ್ತಿಯವರು ಇಂದಿಗೂ ಬಣ್ಣ ಬಳಿದ ಗೋಡೆಯ ಮುಂದೆ ಬೀರು ಸರಿಸಿ ನಿಲ್ಲಿಸುತ್ತಾರೆಂದರೆ ನನಗೆ ನಿಜವಾಗಿಯೂ ಬೇಸರವಾಗುತ್ತದೆ.

ಈ ಪ್ರಸಂಗವೇ ಬಹಳ ಸಮಯ ತೆಗೆದುಕೊಂಡಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಕಾಗದಪತ್ರಗಳ ವಿಷಯದಲ್ಲೂ ನಿಯಮ ಇದೇ: ಆಸ್ತಿಯ ಮೇಲೆ ಸಾಲವಿದೆಯೇ, ವಾರಸುದಾರರಲ್ಲಿ ಯಾರದಾದರೂ ಸಹಿ ಬಾಕಿಯಿದೆಯೇ ಎಂಬುದು ನಿಮಗೆ ತಿಳಿದಿದ್ದರೆ ಮುಂಗಡ ಕೊಡುವ ಮೊದಲೇ ಅದನ್ನು ತಿಳಿಸಿ, ಪತ್ರಗಳನ್ನು ವಕೀಲರಿಗೆ ತೋರಿಸಲು ನೀವಾಗಿಯೇ ಹೇಳಿ. ಮುಂಗಡದ ಹಣ ನಿಮ್ಮ ಕೈಗೆ ಬಂದರೆ ಅದನ್ನು ನಿಮ್ಮ ಮನೆಖರ್ಚಿನ ಖಾತೆಯಲ್ಲಿ ಒಂದು ದಿನವೂ ಇರಿಸಬೇಡಿ. ನಿಮ್ಮ ಕಮಿಷನ್ ಎಷ್ಟೆಂಬುದನ್ನು ಮನೆ ತೋರಿಸುವ ಮುಂಚೆಯೇ ಬರೆದುಕೊಡಿ. ಎರಡೂ ಕಡೆಯಿಂದ ಪಡೆಯುವುದಾದರೆ ಅದು ಇಬ್ಬರಿಗೂ ಗೊತ್ತಿರಲಿ, ಗೊತ್ತುಮಾಡಲು ಮನಸ್ಸು ಬಾರದಿದ್ದರೆ ಒಂದು ಕಡೆಯದನ್ನು ಬಿಟ್ಟುಬಿಡಿ.

ನಾಳೆ ನೀವು ಹೊಸ ಮನೆಯೊಂದನ್ನು ನಿಮ್ಮ ಪಟ್ಟಿಗೆ ಸೇರಿಸಿಕೊಳ್ಳುವಾಗ ಬೆಲೆಯ ಮಾತಿಗೆ ಮೊದಲು ಯಜಮಾನರನ್ನು, 'ಇಷ್ಟು ವರ್ಷ ವಾಸವಿದ್ದಿರಿ, ಈ ಮನೆ ನಿಮಗೆ ಕೊಟ್ಟ ತೊಂದರೆ ಏನು?' ಎಂದು ಕೇಳಿ. ಅವರು ಹೇಳಿದ್ದನ್ನು ಅವರೆದುರೇ ಬರೆದುಕೊಂಡು, ಒಮ್ಮೆ ಓದಿ ಹೇಳಿ, ಕೊಳ್ಳಲು ಬರುವವರಿಗೆ ಇದೇ ಹಾಳೆಯನ್ನು ತೋರಿಸುತ್ತೇನೆಂದು ತಿಳಿಸಿ. ಅವರು ಒಪ್ಪಿದರೆ ಮಾತ್ರ ಆ ಮನೆಯ ಬೀಗದ ಕೈ ಇಸಿದುಕೊಳ್ಳಿ.