ತೊಟ್ಟಿಲು ಅಟ್ಟ ಸೇರಿದ ಮೇಲೆ

ಊರಿನ ಹಿರಿಯರೇ, ತಾಯಂದಿರೇ,

ಶಾಲೆಯ ಅಮೃತ ಮಹೋತ್ಸವಕ್ಕೆ ಪ್ರೀತಿಯಿಂದ ಕರೆದಿರಿ. ಒಳಗೆ ಬರುವಾಗ ಒಂದನೆಯ ತರಗತಿಯ ಹಾಜರಿ ಪುಸ್ತಕ ತೆರೆದು ನೋಡಿದೆ. ಎರಡೇ ಹೆಸರು. ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ.

ನಲವತ್ತು ವರ್ಷಗಳ ಹಿಂದೆ ಆರೋಗ್ಯ ಸಹಾಯಕಿಯಾಗಿ ಶಿರಸಿ ಸೀಮೆಯ ಈ ಕೇರಿಗಳನ್ನೆಲ್ಲ ತಿರುಗಿದವಳು ನಾನು. ಹೆಗಲಲ್ಲಿ ಕುಟುಂಬ ಯೋಜನೆಯ ಕೆಂಪು ತ್ರಿಕೋನದ ಚೀಲ, ಬಾಯಲ್ಲಿ ‘ನಾವಿಬ್ಬರು, ನಮಗಿಬ್ಬರು’. ಈಗ ಅವೇ ಮನೆಗಳವರು, ‘ಅಕ್ಕೋರೇ, ಇನ್ನೊಂದು ಮಗುವಾಗಲಿ ಎಂದು ನಮ್ಮ ಸೊಸೆಗೆ ನೀವಾದರೂ ಹೇಳಿ’ ಎನ್ನುತ್ತಾರೆ. ನಾನು ಸೊಸೆಗೆ ಹೇಳುವುದಿಲ್ಲ. ಮನೆಯವರನ್ನೇ ಕೇಳುತ್ತೇನೆ: ಹುಟ್ಟಿದ ಮೇಲೆ ಕೆಲಸ ಯಾರ ಹೆಗಲಿಗೆ?

ಒಂದು ಮನೆಯನ್ನು ಮರೆಯಲಾರೆ. ಅಡಿಕೆ ಕೊಯ್ಲಿನ ಕಾಲ, ರಾತ್ರಿ ಒಂಬತ್ತಾಗಿತ್ತು. ಆರು ಹೆತ್ತು ನಾಲ್ಕನ್ನು ಉಳಿಸಿಕೊಂಡಿದ್ದ ತಾಯಿ ಮೆಟ್ಟುಗತ್ತಿಯ ಮೇಲೆ ಕುಳಿತು ಅಡಿಕೆ ಸುಲಿಯುತ್ತಿದ್ದಳು. ಕಾಲಿನ ಹೆಬ್ಬೆರಳಿಗೆ ತೊಟ್ಟಿಲಿನ ಹಗ್ಗ. ಕೈ ಅಡಿಕೆಗೆ, ಕಾಲು ಕೂಸಿಗೆ. ನಾನು ನನ್ನ ಪಾಠವನ್ನೆಲ್ಲ ಒಪ್ಪಿಸಿದೆ. ಕೇಳಿಸಿಕೊಂಡು ಹಗ್ಗ ಬಿಚ್ಚಿ ನನ್ನ ಕೈಗಿತ್ತಳು. ‘ಅಕ್ಕೋರೇ, ನೀವು ಸ್ವಲ್ಪ ತೂಗಿ, ನಾನು ಅರ್ಧ ತಾಸು ಮಲಗುತ್ತೇನೆ’ ಎಂದಳು. ತೂಗಿದೆ. ಕೂಸು ಎದ್ದಿತು, ಅತ್ತೆ ಎದ್ದರು, ಕೊಟ್ಟಿಗೆಯ ಕರುವೂ ಎದ್ದು ಕೂಗಿತು, ಅವಳು ಏಳಲಿಲ್ಲ. ಎರಡು ತಾಸು ಸತ್ತಂತೆ ಮಲಗಿದ್ದಳು. ಆ ಹಗ್ಗದ ಗುರುತು ಅವಳ ಬೆರಳಿನ ಸುತ್ತ ಕಪ್ಪಗೆ ಕೂತಿತ್ತು.

ಅವಳು ತನ್ನ ಹೆಣ್ಣುಮಕ್ಕಳಿಗೆ ಹೇಳಿದ್ದೇನು? ‘ಓದಿ, ನೌಕರಿ ಹಿಡಿಯಿರಿ. ಈ ಕೊಟ್ಟಿಗೆ, ಈ ತರಗೆಲೆಯ ಹೊರೆ ನಿಮಗೆ ಬೇಡ.’ ಅವರು ತಾಯಿಯ ಮಾತು ನಡೆಸಿದರು. ಇಂದು ತೋಟದ ಹುಡುಗರಿಗೆ ಹೆಣ್ಣು ಸಿಗುವುದಿಲ್ಲವೆಂದು ಹೆಣ್ಣುಮಕ್ಕಳನ್ನು ದೂರುವವರು ಆ ಬೆರಳನ್ನು ನೆನೆಯಲಿ. ತೊಟ್ಟಿಲು ಈಗ ಆ ಮನೆಯ ಅಟ್ಟದ ಮೇಲಿದೆ, ಚಾಲಿ ಅಡಿಕೆಯ ಖಾಲಿ ಚೀಲ ತುಂಬಿಕೊಂಡು.

ಲೆಕ್ಕವನ್ನೂ ಹೇಳಿಬಿಡುತ್ತೇನೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 1992-93ರಲ್ಲಿ ಕರ್ನಾಟಕದ ಹೆಣ್ಣೊಬ್ಬಳಿಗೆ ಸರಾಸರಿ 2.85 ಮಕ್ಕಳು, 2019-21ಕ್ಕೆ 1.7. ಜನಸಂಖ್ಯೆ ಇದ್ದಷ್ಟೇ ಇರಲು 2.1 ಬೇಕು. 2001ರಿಂದ 2011ರವರೆಗೆ ರಾಜ್ಯದ ಜನಸಂಖ್ಯೆ ಶೇ. 15.6ರಷ್ಟು ಬೆಳೆದರೆ ನಮ್ಮ ಉತ್ತರ ಕನ್ನಡ ಬೆಳೆದದ್ದು ಶೇ. 6ರಷ್ಟು. ಹುಟ್ಟು ಕಡಿಮೆಯಾದದ್ದರ ಜೊತೆಗೆ ಊರು ಬಿಟ್ಟವರೂ ಈ ಲೆಕ್ಕದಲ್ಲಿದ್ದಾರೆ.

ಕೂಸು ಉಳಿಯುತ್ತದೆಂಬ ಧೈರ್ಯ ಬಂತು, ಹಾಗಾಗಿ ಆರು ಹೆರಬೇಕಾಗಿಲ್ಲ. ಮದುವೆ ತಡವಾಯಿತು, ಓದಿಸುವ ಖರ್ಚು ಏರಿತು. ಇವು ನಿಮಗೆ ಗೊತ್ತಿರುವವೇ. ಆದರೆ ಒಂದು ಮಗುವಿರುವ ತಾಯಿ ಎರಡನೆಯದಕ್ಕೆ ಹಿಂಜರಿಯುವುದೇಕೆ? ಅವಳ ನೌಕರಿಯ ದುಡ್ಡು ಮನೆಗೆ ಬೇಕು, ಮನೆಗೆಲಸ ಮಾತ್ರ ಅಂದಿನಂತೆಯೇ ಅವಳೊಬ್ಬಳದೇ. ಮತ್ತೆ ಅದೇ ಪ್ರಶ್ನೆ: ಕೆಲಸ ಯಾರ ಹೆಗಲಿಗೆ? ಮೊನ್ನೆ ಒಬ್ಬ ಯುವಕ ತೋಟದಿಂದ ಬಂದು ಮಗಳಿಗೆ ಎಣ್ಣೆ ಹಚ್ಚಿ ಮೀಯಿಸುವುದನ್ನು ಕಂಡೆ. ಅವನ ಅಜ್ಜಿ ಬಾಗಿಲಲ್ಲಿ ನಿಂತು, ‘ಕಿವಿಗೆ ನೀರು ಹೋಗದ ಹಾಗೆ ನೋಡಿಕೋ’ ಎನ್ನುತ್ತಿದ್ದರು. ಅಷ್ಟೇ, ಆಕ್ಷೇಪವಿಲ್ಲ. ನನಗೆ ಕಣ್ಣು ತುಂಬಿತು.

ಚೀಟಿ ಬಂತು, ಊಟಕ್ಕೆ ಹೊತ್ತಾಯಿತಂತೆ. ದಕ್ಷಿಣ ಕೊರಿಯಾದ ಮಾತು ದೊಡ್ಡದಿತ್ತು, ಚುಟುಕಾಗಿ ಹೇಳುತ್ತೇನೆ. ಮಕ್ಕಳು ಹೆಚ್ಚಲೆಂದು ಅಲ್ಲಿ ಸರ್ಕಾರ ಎಷ್ಟೋ ದುಡ್ಡು ಸುರಿಯಿತು, ಆದರೂ 2023ರಲ್ಲಿ ಹೆಣ್ಣೊಬ್ಬಳಿಗೆ ಮಕ್ಕಳ ಲೆಕ್ಕ 0.72ಕ್ಕೆ ಇಳಿಯಿತು.

ಪಂಚಾಯತಿಯವರು ಇಲ್ಲೇ ಕುಳಿತಿದ್ದೀರಿ. ಅಂಗನವಾಡಿಯಲ್ಲಿ ಕೂರಿಸಿಕೊಳ್ಳುವುದು ಮೂರು ತುಂಬಿದ ಮಕ್ಕಳನ್ನು. ಅದಕ್ಕಿಂತ ಚಿಕ್ಕವನ್ನು ತಾಯಿ ಎಲ್ಲಿ ಬಿಡಬೇಕು? ಉದ್ಯೋಗ ಖಾತ್ರಿಯ ಕೂಲಿಯವರಿಗಾಗಿ ‘ಕೂಸಿನ ಮನೆ’ ಎಂಬ ಯೋಜನೆ ಬಂದಿದೆ. ಅಂಥದ್ದೊಂದು ಈ ಊರಿನ ಎಲ್ಲ ತಾಯಂದಿರಿಗೂ ಬೇಕು. ಮಕ್ಕಳಿಲ್ಲದೆ ಮುಚ್ಚಿದ ಕೋಣೆ ಈ ಶಾಲೆಯ ಪೂರ್ವದ ತುದಿಯಲ್ಲಿದೆ. ಹಂಚು ಗಟ್ಟಿಯಿದೆ, ನೋಡಿಬಂದೆ. ಬೀಗದ ಕೈ ಮುಖ್ಯಾಧ್ಯಾಪಕರ ಹತ್ತಿರವಿದೆ. ಊಟದ ನಂತರ ನಾಲ್ಕು ಜನ ನನ್ನ ಜೊತೆ ಬನ್ನಿ.