ರಿಚ್ಮಂಡಿನ ಕಾವಲುಗಾರ

ಕೇಳುಗರಿಗೆ ನಮಸ್ಕಾರ. 1921ರಲ್ಲಿ ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ ಒಂದು ಫೈನಲ್ ನಡೆಯಿತು. ರಿಚ್ಮಂಡ್ 36, ಕಾರ್ಲ್ಟನ್ 32. ಆಡಿದ್ದು ಕ್ರಿಕೆಟ್ ಅಲ್ಲ, ಆಸ್ಟ್ರೇಲಿಯದವರ ಸ್ವಂತ ಫುಟ್‌ಬಾಲ್. ನಾನಿಂದು ಹೇಳುವುದು ರಿಚ್ಮಂಡ್ ಕ್ಲಬ್ಬಿನ ಆಟಗಾರ ವಿಕ್ ಥಾರ್ಪ್ ಅವರ ಕತೆ.

ಈ ಆಟದ ಚೆಂಡು ಮೊಟ್ಟೆಯಾಕಾರದ್ದು. ತಂಡಕ್ಕೆ ಹದಿನೆಂಟು ಮಂದಿ. ಮೈದಾನದ ಒಂದೊಂದು ತುದಿಯಲ್ಲಿ ನಾಲ್ಕು ಕಂಬ. ಮಧ್ಯದ ಎರಡು ಕಂಬಗಳ ನಡುವೆ ಚೆಂಡು ಒದ್ದರೆ ಗೋಲು, 6 ಅಂಕ. ಪಕ್ಕದ ಸಂದಿನಲ್ಲಿ ಹೋದರೆ ಒಂದೇ ಅಂಕ, ಅದು ಬಿಹೈಂಡ್. ಚೆಂಡನ್ನು ಕೈಯಲ್ಲಿ ಹಿಡಿಯಲು ಎಲ್ಲರಿಗೂ ಅವಕಾಶವಿರುವುದರಿಂದ ಗೋಲ್‌ಕೀಪರ್ ಎಂಬವನೇ ಇಲ್ಲ. ಎದುರಾಳಿಯ ಮುಖ್ಯ ಗೋಲುಗಾರನ ಬೆನ್ನು ಬಿಡದೆ ಕಂಬಗಳ ಮುಂದೆ ನಿಲ್ಲುವವನು ಫುಲ್‌ಬ್ಯಾಕ್. ಬಿಹೈಂಡ್ ಆದಾಗ ಚೆಂಡನ್ನು ಒದ್ದು ಮತ್ತೆ ಆಟಕ್ಕೆ ತರುವುದೂ ಸಾಮಾನ್ಯವಾಗಿ ಅವನ ಪಾಲಿನ ಕೆಲಸವೇ. ಆ ಒದೆತ ದೂರ ಹೋಗದಿದ್ದರೆ ಆಪತ್ತು ಮತ್ತೆ ಬಾಗಿಲಿಗೇ ಬರುತ್ತದೆ.

ಕಾರ್ಲ್ಟನ್ ಅಂದು ಗಳಿಸಿದ್ದು ನಾಲ್ಕು ಗೋಲು, ಎಂಟು ಬಿಹೈಂಡ್. ಆ ಎಂಟರಲ್ಲಿ ಒಂದೇ ಒಂದು ಗೋಲಾಗಿದ್ದರೂ ಅವರ ಲೆಕ್ಕ 37ಕ್ಕೆ ಏರಿ ಪ್ರಶಸ್ತಿ ಅವರದಾಗುತ್ತಿತ್ತು! ರಿಚ್ಮಂಡಿನ ಫುಲ್‌ಬ್ಯಾಕ್ ವಿಕ್ ಥಾರ್ಪ್. ರಕ್ಷಣೆ ಒಬ್ಬರಿಂದ ಆಗುವ ಕೆಲಸವಲ್ಲ, ನಿಜ. ಆದರೂ ಅವರ ವೃತ್ತಾಂತ ತಿಳಿಯಬಯಸುವವರಿಗೆ ನಾನು ಮೊದಲು ತೋರಿಸುವುದು ಈ ಅಂಕಪಟ್ಟಿಯನ್ನೇ.

1910ರಲ್ಲಿ ಥಾರ್ಪ್ ಮೊದಲ ಪಂದ್ಯ ಆಡಿದಾಗ ರಿಚ್ಮಂಡ್ ಕ್ಲಬ್ ವಿಕ್ಟೋರಿಯನ್ ಫುಟ್‌ಬಾಲ್ ಲೀಗಿಗೆ ಬಂದು ಎರಡು ವರ್ಷವಾಗಿತ್ತಷ್ಟೆ. ಆಗ ಅದಕ್ಕೆ ಗೆಲುವಿಗಿಂತ ಸೋಲೇ ಹೆಚ್ಚು. ಸೋಲುವ ತಂಡದ ಫುಲ್‌ಬ್ಯಾಕಿಗೆ ಬಿಡುವೆಲ್ಲಿ? ಅವರು ಪಳಗಿದ್ದೇ ಅಲ್ಲಿ ಎಂಬುದು ನನ್ನ ಊಹೆ. ಅಷ್ಟರಲ್ಲಿ ಮಹಾಯುದ್ಧ ಬಂತು. 1916ರಲ್ಲಿ ಲೀಗಿನಲ್ಲಿ ಆಡಿದ್ದು ನಾಲ್ಕೇ ತಂಡ, ರಿಚ್ಮಂಡ್ ಅವುಗಳಲ್ಲೊಂದು. (ಅಂಕಪಟ್ಟಿಯ ಕೊನೆಯಲ್ಲಿದ್ದ ಫಿಟ್ಜ್‌ರಾಯ್ ಆ ವರ್ಷ ಪ್ರಶಸ್ತಿ ಗೆದ್ದದ್ದು ಬೇರೊಂದು ತಮಾಷೆ.)

1919ರ ಫೈನಲ್‌ನಲ್ಲಿ ಕಾಲಿಂಗ್‌ವುಡ್ ಎದುರು ರಿಚ್ಮಂಡ್ 25 ಅಂಕಗಳಿಂದ ಸೋತಿತು. ಮರುವರ್ಷ ಅದೇ ಕಾಲಿಂಗ್‌ವುಡ್ ತಂಡವನ್ನು 17 ಅಂಕಗಳಿಂದ ಮಣಿಸಿ ಲೀಗಿನ ಮೊದಲ ಪ್ರಶಸ್ತಿ ಪಡೆಯಿತು. ರಿಚ್ಮಂಡನ್ನು ಮುನ್ನಡೆಸಿದ ಡ್ಯಾನ್ ಮಿನೋಗ್ ಹಿಂದೆ ಕಾಲಿಂಗ್‌ವುಡ್ಡಿಗೇ ನಾಯಕರಾಗಿದ್ದವರು. ಆ ಸೋಲು ಎದುರಾಳಿಗಳಿಗೆ ಎಷ್ಟು ಉರಿದಿರಬೇಕು!

1925ರಲ್ಲಿ ಥಾರ್ಪ್ ಆಟ ನಿಲ್ಲಿಸಿದಾಗ 263 ಪಂದ್ಯಗಳಾಗಿದ್ದವು. ಎಲ್ಲವೂ ಒಂದೇ ಕ್ಲಬ್ಬಿಗೆ. 1941ರಲ್ಲಿ ಅವರು ತೀರಿಕೊಂಡರು. ರಿಚ್ಮಂಡ್ 1998ರಲ್ಲಿ ತನ್ನ ಶತಮಾನದ ತಂಡವನ್ನು ಆರಿಸಿತು. ಥಾರ್ಪ್ ಬಿಟ್ಟುಹೋದ ಜಾಗದಲ್ಲಿ ಅಷ್ಟರೊಳಗೆ ಎಷ್ಟೋ ಆಟಗಾರರು ನಿಂತು ಹೋಗಿದ್ದರು. ಆದರೂ ಫುಲ್‌ಬ್ಯಾಕ್ ಆಗಿ ಆರಿಸಿದ್ದು ಅವರನ್ನೇ. ನಮಸ್ಕಾರ.